ಅರ್ಥದ ಹಂಗು ತೊರೆದ ಪದ: ಎಡ್ವರ್ಡ್ ಲಿಯರ್ ಮತ್ತು ಕನ್ನಡದ ಆಟದ ಹಾಡುಗಳು

1. ಪ್ರಸ್ತಾವನೆ

ಕನ್ನಡದ ಕಾವ್ಯಚರ್ಚೆಯಲ್ಲಿ ಅರ್ಥವೆಂಬುದು ಯಾರೂ ಪ್ರಶ್ನಿಸದ ಮೌಲ್ಯವಾಗಿ ನೆಲೆನಿಂತಿದೆ. ಪದ್ಯವೊಂದರಲ್ಲಿ ವಾಚ್ಯಾರ್ಥ ಕಾಣದಿದ್ದರೆ ಲಕ್ಷ್ಯಾರ್ಥವನ್ನು ಹುಡುಕಲಾಗುತ್ತದೆ. ಅದೂ ಸಿಗದಿದ್ದರೆ ಧ್ವನಿಯ ಮೊರೆಹೋಗಲಾಗುತ್ತದೆ. ಧ್ವನಿಯೂ ಕೈಕೊಟ್ಟರೆ ಯೋಗದ ಅಥವಾ ತತ್ವದ ಪರಿಭಾಷೆಯನ್ನು ತಂದು ಟೀಕೆ ಬರೆಯಲಾಗುತ್ತದೆ. ಏನನ್ನೂ ಹೇಳಲು ಹೊರಡದೆಯೇ ಸಾರ್ಥಕವಾಗುವ ಪದ್ಯವೊಂದು ಇರಬಹುದು ಎಂಬ ಸಾಧ್ಯತೆಗೆ ಈ ಚರ್ಚೆಯಲ್ಲಿ ಸಿಕ್ಕಿರುವ ಜಾಗ ಬಹಳ ಕಡಿಮೆ. ಇದರ ಪರಿಣಾಮ ಮೀಮಾಂಸೆಯ ಪುಟಗಳಿಗಷ್ಟೇ ಸೀಮಿತವಾಗಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಂಥ ಕಡೆ ಮಕ್ಕಳು ಎಣಿಕೆಗೆ, ಕುಣಿತಕ್ಕೆ, ಕಣ್ಣುಮುಚ್ಚಾಟಕ್ಕೆ ಬಳಸಿಕೊಂಡು ಬಂದ ಪದಗಳು ಜಾನಪದ ಅಧ್ಯಯನದ ಅಂಚಿನಲ್ಲಿ ಉಳಿದುಹೋದದ್ದಕ್ಕೂ ಈ ಅರ್ಥದ ಹಂಬಲ ಒಂದು ಮುಖ್ಯ ಕಾರಣ.

ಪ್ರಸ್ತುತ ಲೇಖನವು ಈ ಪ್ರಶ್ನೆಯನ್ನು ಎತ್ತಿಕೊಳ್ಳಲು ವಿಕ್ಟೋರಿಯಾ ಯುಗದ ಅಲೆಮಾರಿ ಚಿತ್ರಕಾರ ಹಾಗೂ ಕವಿ ಎಡ್ವರ್ಡ್ ಲಿಯರ್‌ನನ್ನು (1812–1888) ನಿಮಿತ್ತವಾಗಿಸಿಕೊಂಡಿದೆ. ಲಿಯರ್ 1874ರಲ್ಲಿ ಮೈಸೂರು ಸೀಮೆಯ ಬೆಂಗಳೂರಿಗೆ ಬಂದುಹೋದವನು. ಅವನನ್ನು ಕನ್ನಡಕ್ಕೆ ಮಾದರಿಯಾಗಿ ನಿಲ್ಲಿಸುವುದು ಇಲ್ಲಿನ ಉದ್ದೇಶವಲ್ಲ. ಅವನ ಸಾಧನೆಯನ್ನೂ ಅವನ ಕಿವಿಯ ಮಿತಿಯನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಕನ್ನಡದೊಳಗೇ ಇರುವ ಅರ್ಥರಹಿತ ಪದ್ಯದ ಪರಂಪರೆ ಸ್ಪಷ್ಟವಾಗಿ ಕಾಣುತ್ತದೆ ಎಂಬುದು ಇಲ್ಲಿನ ವಾದ.

2. ಗಿಳಿಯ ಗರಿ ಮತ್ತು ಪದ್ಯದ ಗಣ

ಲಿಯರ್‌ನ ಹೆಸರು ಇಂದು ಉಳಿದಿರುವುದು ಅವನ ಅಸಂಬದ್ಧ ಪದ್ಯಗಳಿಂದ. ಆದರೆ ಅವನ ಜೀವಮಾನದ ವೃತ್ತಿ ಚಿತ್ರಕಲೆ. ಇಪ್ಪತ್ತು ವರ್ಷ ತುಂಬುವುದರೊಳಗೆ ಅವನು ಗಿಳಿಗಳ ಕುಲವನ್ನು ಕುರಿತ ಚಿತ್ರಸಂಪುಟವನ್ನು (1830–32) ಕಂತುಕಂತಾಗಿ ಹೊರತಂದ. ಸತ್ತು ಒಣಗಿದ ಹಕ್ಕಿಯ ಚರ್ಮವನ್ನು ಮುಂದಿಟ್ಟುಕೊಂಡು ಬರೆಯುವುದೇ ವಾಡಿಕೆಯಾಗಿದ್ದ ಕಾಲದಲ್ಲಿ ಅವನು ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಕುಳಿತು ಜೀವಂತ ಗಿಳಿಗಳನ್ನು ಅಳೆದು ಬರೆದ. ಆ ಕೆಲಸದ ನಿಖರತೆಗೆ ಸಾಕ್ಷಿಯಾಗಿ ದಕ್ಷಿಣ ಅಮೆರಿಕದ ನೀಲಿ ಗಿಳಿಯೊಂದಕ್ಕೆ ಪ್ರಾಣಿಶಾಸ್ತ್ರವು ಅವನ ಹೆಸರನ್ನೇ ಇಟ್ಟಿದೆ. ಆಮೇಲೆ ಡರ್ಬಿಯ ಅರ್ಲ್‌ನ ಖಾಸಗಿ ಪ್ರಾಣಿಸಂಗ್ರಹವನ್ನು ಚಿತ್ರಿಸಲು ನೋಸ್ಲಿಯಲ್ಲಿ ನೆಲೆಸಿದ್ದಾಗ, ಆ ಮನೆಯ ಮಕ್ಕಳನ್ನು ನಗಿಸಲು ಬರೆದ ಐದು ಸಾಲಿನ ಪದ್ಯಗಳೂ ಅವುಗಳ ಜೊತೆಯ ರೇಖಾಚಿತ್ರಗಳೂ 1846ರಲ್ಲಿ ಪುಸ್ತಕವಾದವು. ಅದೇ ವರ್ಷ ಅವನು ವಿಕ್ಟೋರಿಯಾ ರಾಣಿಗೆ ಚಿತ್ರಪಾಠವನ್ನೂ ಹೇಳಿಕೊಟ್ಟ.

ಈ ಎರಡು ಕೆಲಸಗಳನ್ನು ವಿರುದ್ಧ ಧ್ರುವಗಳೆಂದು ಭಾವಿಸುವುದು ರೂಢಿ: ಒಂದು ಶಾಸ್ತ್ರ, ಇನ್ನೊಂದು ಹುಡುಗಾಟ. ಪದ್ಯಗಳ ಕಟ್ಟಡವನ್ನು ಪರಿಶೀಲಿಸಿದರೆ ಈ ಭಾವನೆ ನಿಲ್ಲುವುದಿಲ್ಲ. ಅವುಗಳ ಛಂದಸ್ಸು ಬಿಗಿಯಾದದ್ದು, ಪ್ರಾಸ ತಪ್ಪುವುದಿಲ್ಲ, ವಾಕ್ಯರಚನೆ ವ್ಯಾಕರಣಬದ್ಧ. ಕರ್ತೃ, ಕರ್ಮ, ಕ್ರಿಯೆಗಳೆಲ್ಲ ತಮ್ಮ ಜಾಗದಲ್ಲಿವೆ. ಲೋಕದ ಕಾರ್ಯಕಾರಣ ಸಂಬಂಧವೊಂದೇ ಅಲ್ಲಿ ಸಡಿಲಗೊಂಡಿರುತ್ತದೆ. ಹಕ್ಕಿಯ ಗರಿಯ ಎಣಿಕೆಯಲ್ಲಿ ತಪ್ಪದ ಕೈ ಮಾತ್ರೆಯ ಎಣಿಕೆಯಲ್ಲೂ ತಪ್ಪಲಿಲ್ಲ. ಬಾಯಿಗೆ ಬಂದದ್ದನ್ನು ಆಡುವುದಕ್ಕೂ ಅಸಂಬದ್ಧ ಪದ್ಯವನ್ನು ಕಟ್ಟುವುದಕ್ಕೂ ಇರುವ ವ್ಯತ್ಯಾಸ ಇದೇ. ಅರ್ಥವನ್ನು ಬಿಟ್ಟುಕೊಟ್ಟ ಪದ್ಯಕ್ಕೆ ಆಸರೆಯಾಗಿ ಉಳಿಯುವುದು ರೂಪವೊಂದೇ; ಆ ರೂಪ ಒಂದಿಷ್ಟು ಸಡಿಲಗೊಂಡರೂ ಪದ್ಯ ಕುಸಿಯುತ್ತದೆ.

ಚಿತ್ರ ಮತ್ತು ಪದ್ಯಗಳ ಸಂಬಂಧವೂ ಗಮನಾರ್ಹವಾದದ್ದು. ಪದ್ಯದಲ್ಲಿ ಊರಿನವರಿಂದ ಏಟು ತಿನ್ನುವ, ದುರಂತಕ್ಕೆ ಸಿಕ್ಕುವ ವಿಚಿತ್ರ ಮನುಷ್ಯ, ಚಿತ್ರದಲ್ಲಿ ಎಷ್ಟೋ ಸಲ ಹಕ್ಕಿಯ ರೆಕ್ಕೆಯಂತೆ ತೋಳು ಹಿಂದಕ್ಕೆ ಚಾಚಿ ನಗುತ್ತಿರುತ್ತಾನೆ. ಪದ್ಯ ಹೇಳಿದ್ದನ್ನು ಚಿತ್ರ ಒಪ್ಪುವುದಿಲ್ಲ. ಆದ್ದರಿಂದ ಚಿತ್ರವನ್ನು ಕಿತ್ತು ಪದ್ಯವನ್ನು ಮಾತ್ರ ಅಚ್ಚುಹಾಕಿದರೆ ಕೃತಿಯ ಅರ್ಧವೇ ಕಳೆದುಹೋಗುತ್ತದೆ. ಮಕ್ಕಳ ಆಟದ ಹಾಡುಗಳ ಸಂಗ್ರಹಕ್ಕೂ ಈ ಮಾತು ಅನ್ವಯಿಸುತ್ತದೆ ಎಂಬುದನ್ನು ಮುಂದೆ ನೋಡಬಹುದು.

ಲಿಯರ್ ಹುಟ್ಟಿಸಿದ ಪದಗಳ ಪೈಕಿ ‘ರನ್ಸಿಬಲ್’ ಎಂಬುದು ಪ್ರಸಿದ್ಧ. ಅದನ್ನು ಅವನು ಒಮ್ಮೆ ಚಮಚಕ್ಕೆ, ಒಮ್ಮೆ ಬೆಕ್ಕಿಗೆ, ಒಮ್ಮೆ ಟೋಪಿಗೆ ವಿಶೇಷಣವಾಗಿ ಬಳಸಿದ. ಇವುಗಳೆಲ್ಲಕ್ಕೂ ಹೊಂದುವ ಗುಣ ಯಾವುದೂ ಇಲ್ಲ. ಇರಬೇಕೆಂದು ಅವನು ಬಯಸಿದ ಸೂಚನೆಯೂ ಇಲ್ಲ. ಆದರೂ ಅವನ ಕಾಲಾನಂತರ ಇಂಗ್ಲಿಷ್ ನಿಘಂಟುಗಳು ಈ ಪದಕ್ಕೆ ಮೂರು ಮುಳ್ಳಿನ, ಬಾಗಿದ ಚಮಚವೆಂಬ ಅರ್ಥವನ್ನು ದಾಖಲಿಸಿದವು. ಅರ್ಥವಿಲ್ಲದ ಪದವನ್ನು ಖಾಲಿಯಾಗಿ ಬಿಡಲಾರದ ವಿದ್ವತ್ತಿನ ಚಡಪಡಿಕೆ ಕನ್ನಡಕ್ಕೆ ಮಾತ್ರ ಸೇರಿದ್ದಲ್ಲವೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

3. 1874ರ ಪ್ರವಾಸ: ಕಂಡದ್ದು, ಕೇಳದೆ ಬಿಟ್ಟದ್ದು

ವೈಸರಾಯ್ ಲಾರ್ಡ್ ನಾರ್ತ್‌ಬ್ರೂಕ್‌ನ ಆಹ್ವಾನದ ಮೇಲೆ ಲಿಯರ್ 1873ರ ನವೆಂಬರಿನಲ್ಲಿ ಮುಂಬಯಿಗೆ ಬಂದಿಳಿದಾಗ ಅವನಿಗೆ ಅರವತ್ತೊಂದು ವರ್ಷ. ಎಳವೆಯಿಂದಲೂ ಕಾಡಿದ ಮೂರ್ಛೆರೋಗವನ್ನು ಲೋಕದಿಂದ ಮುಚ್ಚಿಟ್ಟು, ಬಹುಕಾಲದ ಸೇವಕ ಜಾರ್ಜಿಯೋ ಕೊಕಾಲಿಯೊಡನೆ ಅವನು 1875ರ ಜನವರಿಯವರೆಗೆ ಕಾಶಿ, ಕಲ್ಕತ್ತ, ಡಾರ್ಜಿಲಿಂಗ್, ದಿಲ್ಲಿ, ಸಿಮ್ಲಾ, ಪುಣೆ, ಹೈದರಾಬಾದು, ಬೆಂಗಳೂರು, ಮದರಾಸು, ನೀಲಗಿರಿ, ಮಲಬಾರು, ಸಿಂಹಳಗಳನ್ನು ಸುತ್ತಿದ. ಈ ಅವಧಿಯಲ್ಲಿ ಅವನು ಬರೆದ ಚಿತ್ರಗಳ ಸಂಖ್ಯೆ ಎರಡು ಸಾವಿರಕ್ಕೂ ಮೇಲೆಂದು ಲೆಕ್ಕ ಹಾಕಲಾಗಿದೆ. ಅವುಗಳಲ್ಲಿ ದೊಡ್ಡ ಭಾಗವೂ ಅವನ ದಿನಚರಿಗಳೂ ಹಾರ್ವರ್ಡ್ ವಿಶ್ವವಿದ್ಯಾಲಯದ ಹೌಟನ್ ಗ್ರಂಥಾಲಯದಲ್ಲಿವೆ.

ಮೈಸೂರು ಸಂಸ್ಥಾನ ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಬೆಂಗಳೂರಿಗೆ ರೈಲು 1864ರಲ್ಲೇ ಬಂದಿದ್ದರೂ, ಅಲ್ಲಿಂದ ವಾಯವ್ಯಕ್ಕೆ ತುಮಕೂರಿನ ಕಡೆ ಹಳಿ ಬಿದ್ದದ್ದು 1880ರ ದಶಕದಲ್ಲಿ. ಲಿಯರ್‌ನ ಪ್ರಯಾಣ ಬಹುಮಟ್ಟಿಗೆ ರೈಲುಹಾದಿ, ದಂಡಿನ ಪ್ರದೇಶ ಮತ್ತು ಗಿರಿಧಾಮಗಳನ್ನು ಹಿಡಿದು ಸಾಗಿದ್ದು. ಹೀಗಾಗಿ ತುಂಗಭದ್ರೆಯ ದಡದ ಹೊನ್ನಾಳಿ, ಚನ್ನಗಿರಿಯ ಕೋಟೆ, ಸೂಳೆಕೆರೆಯ ವಿಸ್ತಾರವಾದ ನೀರು, ನಡುವೆ ಮಂಟಪವಿರುವ ಸಂತೇಬೆನ್ನೂರಿನ ಪುಷ್ಕರಣಿ, ಜಗಳೂರಿನ ಕುರುಚಲು ಕಾಡು ಅವನ ಹಾದಿಗೆ ಬೀಳಲಿಲ್ಲ. ವಸಾಹತು ಕಾಲದ ‘ರಮ್ಯ ದೃಶ್ಯ’ಗಳ ಭೂಪಟವನ್ನು ಬಹುಪಾಲು ನಿರ್ಧರಿಸಿದ್ದು ಸಾರಿಗೆಯ ಅನುಕೂಲವೆಂಬುದನ್ನು ಇದು ನೆನಪಿಸುತ್ತದೆ. ನೋಡಲಾಗದ್ದು ಚಿತ್ರವಾಗಲಿಲ್ಲ, ಚಿತ್ರವಾಗದ್ದು ಆ ಭೂಪಟದಲ್ಲಿ ಸೇರಲಿಲ್ಲ.

ಕಣ್ಣಿನ ಈ ಮಿತಿಗಿಂತ ಹೆಚ್ಚು ಮುಖ್ಯವಾದದ್ದು ಕಿವಿಯ ಮಿತಿ. ಪ್ರವಾಸದ ನಡುವೆ 1874ರಲ್ಲಿ ಮುಂಬಯಿಯ ಪತ್ರಿಕೆಯೊಂದರಲ್ಲಿ ಅವನ ‘ದಿ ಕಮರ್‌ಬಂಡ್’ ಎಂಬ ಪದ್ಯ ಪ್ರಕಟವಾಯಿತು. ಭಾರತದ ಬ್ರಿಟಿಷ್ ಮನೆಗಳಲ್ಲಿ ದಿನವೂ ಕೇಳಿಬರುತ್ತಿದ್ದ ಹಿಂದುಸ್ತಾನಿ ಪದಗಳನ್ನು ಇಲ್ಲಿ ಅರ್ಥದಿಂದ ಬಿಡಿಸಿ ಬರಿಯ ನಾದವಾಗಿ ಬಳಸಲಾಗಿದೆ. ಧೋಬಿ ಎಂಬುದು ಕುಳಿತುಕೊಳ್ಳುವ ವಸ್ತುವಾಗುತ್ತದೆ, ಖಾನ್ಸಾಮರು ಎತ್ತರದ ಮರಗಳಾಗುತ್ತಾರೆ, ಖಿದ್ಮತ್‌ಗಾರರು ಬಳ್ಳಿಗಳಂತೆ ಜೋತುಬೀಳುತ್ತಾರೆ, ಪಂಕಗಳು ಮಾತನಾಡುತ್ತವೆ, ನಡುಕಟ್ಟು ಎಂಬ ಅರ್ಥದ ಕಮರಬಂದ್ ಹೆಣ್ಣನ್ನು ನುಂಗುವ ಘೋರ ಮೃಗವಾಗುತ್ತದೆ. ಲಂಡನ್ನಿನ ಓದುಗನಿಗೆ ಇದು ಅಪ್ಪಟ ಅಸಂಬದ್ಧ. ಮುಂಬಯಿಯ ಬ್ರಿಟಿಷ್ ಓದುಗನಿಗೆ, ತನ್ನದೇ ಅರೆಬರೆ ಹಿಂದುಸ್ತಾನಿಯ ಅಣಕ. ಪಂಕ, ಚಪರಾಸಿ, ಖಾನ್ಸಾಮ ಮುಂತಾದ ಮಾತುಗಳು ಸಹಜವಾಗಿ ಬಳಕೆಯಲ್ಲಿರುವ ಕನ್ನಡಿಗನಿಗೆ ಇದರಲ್ಲಿ ಅರ್ಥರಹಿತವಾದ ಒಂದು ಪದವೂ ಇಲ್ಲ. ಅವನು ಕಾಣುವುದು, ಬಟ್ಟೆ ಒಗೆಯುವ, ಅಡುಗೆ ಮಾಡುವ ಮನುಷ್ಯರು ಆಸನಗಳೂ ಮರಗಳೂ ಆಗಿ ತೋಟದ ಅಲಂಕಾರಕ್ಕೆ ಸೇರಿಹೋದದ್ದನ್ನು.

ಸ್ವಾತ್ ಕಣಿವೆಯ ಅಖುಂದನನ್ನು ಕುರಿತ ಅವನ ಪದ್ಯದ ಕಥೆಯೂ ಇಂಥದ್ದೇ. ಪತ್ರಿಕೆಯಲ್ಲಿ ಕಂಡ ಹೆಸರಿನ ವಿಚಿತ್ರ ನಾದಕ್ಕೆ ಮನಸೋತು ಲಿಯರ್ ಅವನು ಯಾರು, ಎಂಥವನು ಎಂದು ಪ್ರಶ್ನೆಗಳ ಮಾಲೆಯನ್ನೇ ಕಟ್ಟಿದ. ಆ ಅಖುಂದ ಅಬ್ದುಲ್ ಗಫೂರ್ ಎಂಬ ಸೂಫಿ ಸಂತ, 1877ರಲ್ಲಿ ತೀರಿಕೊಂಡ, ಅವನ ಗೋರಿಗೆ ಇಂದಿಗೂ ಭಕ್ತರು ನಡೆದುಕೊಳ್ಳುತ್ತಾರೆ. ಲಿಯರ್‌ನ ಪ್ರಶ್ನೆಗಳಿಗೆ ಸ್ವಾತಿನ ಯಾವ ಕುರುಬನೂ ಉತ್ತರ ಹೇಳಬಲ್ಲವನಾಗಿದ್ದ.

ಈ ಎರಡು ನಿದರ್ಶನಗಳಿಂದ ಹೊರಡುವ ತೀರ್ಮಾನ ಸರಳವಾದದ್ದು. ಅರ್ಥರಾಹಿತ್ಯ ಪದದೊಳಗೆ ಅಡಗಿ ಕೂತಿರುವುದಿಲ್ಲ. ಕೇಳುವವನು ಎಲ್ಲಿ ನಿಂತಿದ್ದಾನೆ ಎಂಬುದೇ ಅದನ್ನು ನಿರ್ಧರಿಸುತ್ತದೆ. ಆದ್ದರಿಂದ ಲಿಯರ್‌ನ ಪದ್ಯಗಳನ್ನು ಎಲ್ಲ ಕಾಲಕ್ಕೂ ಎಲ್ಲ ಮಕ್ಕಳಿಗೂ ಸಲ್ಲುವ ಮುಗ್ಧ ವಿನೋದವೆಂದು ಕೊಂಡಾಡುವುದೂ ವಸಾಹತುಶಾಹಿಯ ಉತ್ಪನ್ನವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದೂ ಸಮನಾಗಿ ಅಪೂರ್ಣ. ತನ್ನ ನುಡಿಯ ಪದಗಳೊಡನೆ ಆಡುವಾಗ ಅವನು ಯಜಮಾನಿಕೆಯನ್ನೇ ನಗೆಗೀಡುಮಾಡುತ್ತಾನೆ. ಪರನುಡಿಯ ಪದಗಳೊಡನೆ ಆಡುವಾಗ ಅದೇ ಯಜಮಾನಿಕೆಯ ನೆರಳಿನಲ್ಲಿ ನಿಲ್ಲುತ್ತಾನೆ.

4. ಕನ್ನಡದೊಳಗಿನ ಅರ್ಥರಹಿತ

ಅರ್ಥವಿಲ್ಲದ ಪದ ಕನ್ನಡಕ್ಕೆ ಹೊರಗಿನಿಂದ ಬರಬೇಕಾದ ವಸ್ತುವಲ್ಲ. ಅದು ಈ ಭಾಷೆಯ ವ್ಯಾಕರಣದಲ್ಲೇ ಇದೆ. ಹಾಲು–ಗೀಲು, ಮನೆ–ಗಿನೆ, ಪುಸ್ತಕ–ಗಿಸ್ತಕ ಎಂಬ ಜೋಡಿಗಳಲ್ಲಿ ಎರಡನೆಯ ಪದಕ್ಕೆ ನಿಘಂಟಿನಲ್ಲಿ ಸ್ಥಾನವಿಲ್ಲ. ಆದರೂ ಅದು ‘ಇತ್ಯಾದಿ’ ಎಂಬ ಕೆಲಸವನ್ನು ಮಾಡುತ್ತದೆ. ಕೆಲವೊಮ್ಮೆ ತಾತ್ಸಾರವನ್ನೂ ಸೂಚಿಸುತ್ತದೆ. ಅದರ ರಚನೆಗೆ ನಿಯಮವಿದೆ: ಮೊದಲ ಅಕ್ಷರದ ಜಾಗದಲ್ಲಿ ಹ್ರಸ್ವಕ್ಕೆ ‘ಗಿ’, ದೀರ್ಘಕ್ಕೆ ‘ಗೀ’ ಬರುತ್ತದೆ. ಮೂರು ವರ್ಷದ ಮಗುವೂ ಈ ನಿಯಮವನ್ನು ತಪ್ಪುವುದಿಲ್ಲ. ಅನುಕರಣ ಶಬ್ದಗಳ ಮಾತೂ ಹೀಗೆಯೇ. ಹದಿಮೂರನೆಯ ಶತಮಾನದ ಕೇಶಿರಾಜ ಅವುಗಳನ್ನು ತನ್ನ ವ್ಯಾಕರಣದೊಳಗೆ ಸೇರಿಸಿಕೊಂಡ. 1894ರ ಕಿಟೆಲ್ ನಿಘಂಟು ಅವುಗಳಿಗೆ ಧಾರಾಳವಾಗಿ ಸ್ಥಳ ಕೊಟ್ಟಿತು. ವೈಯಾಕರಣರೂ ನಿಘಂಟುಕಾರರೂ ತೋರಿದ ಈ ಉದಾರತೆಯನ್ನು ಕಾವ್ಯವಿಮರ್ಶಕರು ತೋರಲಿಲ್ಲ.

ಕರ್ನಾಟಕದಾದ್ಯಂತ ಪರಿಚಿತವಾಗಿರುವ ‘ಅವಲಕ್ಕಿ ಪವಲಕ್ಕಿ’ ಎಂಬ ಎಣಿಕೆಯ ಪದವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಆಡುಮಾತಿನ ನಿಯಮದಂತೆ ಇಲ್ಲಿ ‘ಅವಲಕ್ಕಿ–ಗಿವಲಕ್ಕಿ’ ಎಂದಾಗಬೇಕಿತ್ತು. ಹಾಗಾಗಿದ್ದರೆ ‘ಅವಲಕ್ಕಿ ಮುಂತಾದ ತಿಂಡಿ’ ಎಂಬ ಅರ್ಥ ಹುಟ್ಟಿ ಮಾತು ಅಡುಗೆಮನೆಯ ಕಡೆಗೆ ಹೊರಳುತ್ತಿತ್ತು. ‘ಗಿ’ಕಾರವನ್ನು ಬಿಟ್ಟು ‘ಪ’ಕಾರವನ್ನು ಆರಿಸಿಕೊಂಡದ್ದರಿಂದ ವ್ಯಾಕರಣದ ಆ ಕೆಲಸ ಕಳಚಿಬಿದ್ದು ನಾದ ಮಾತ್ರ ಉಳಿಯಿತು. ಜನಪದ ಪದ್ಯ ಅರ್ಥವನ್ನು ಎಷ್ಟು ಎಚ್ಚರದಿಂದ ದೂರವಿಟ್ಟಿದೆ ಎಂಬುದು ಈ ಒಂದು ಅಕ್ಷರದಿಂದ ತಿಳಿಯುತ್ತದೆ.

ಈ ಎಚ್ಚರಕ್ಕೆ ಸಾಮಾಜಿಕ ಕಾರಣವೂ ಇದೆ. ಎಣಿಕೆಯ ಪದದ ಉದ್ದೇಶ ಆಟದಲ್ಲಿ ಯಾರು ಹೊರಗೆ, ಯಾರು ಒಳಗೆ ಎಂದು ತೀರ್ಮಾನಿಸುವುದು. ವೃತ್ತವಾಗಿ ಕುಳಿತ ಮಕ್ಕಳ ಅಂಗೈಗಳ ಮೇಲೆ ಬೆರಳು ಒಂದೊಂದು ತಾಳಕ್ಕೆ ಒಂದೊಂದು ಕಡೆ ಬೀಳುತ್ತದೆ. ಪದ ಮುಗಿದ ಕೈ ಹೊರಗೆ. ಪದಕ್ಕೆ ಅರ್ಥವಿದ್ದರೆ ಅದು ಯಾರನ್ನಾದರೂ ಕುರಿತು ಆಡಿದಂತಾಗುತ್ತದೆ. ಜಾತಿ, ಬಡತನ, ಮೈಬಣ್ಣ, ಮನೆತನಗಳ ಸುಳಿವು ಒಳನುಗ್ಗುತ್ತದೆ. ಅರ್ಥವಿಲ್ಲದ ಪದ ಯಾರ ಪರವಾಗಿಯೂ ಇಲ್ಲ. ಗೌಡರ ಮನೆಯ ಹುಡುಗನೂ ಕೂಲಿಯವರ ಮನೆಯ ಹುಡುಗಿಯೂ ಅದರ ತೀರ್ಪಿಗೆ ಸಮಾನವಾಗಿ ತಲೆಬಾಗಬೇಕು. ಹಿರಿಯರ ಲೋಕದ ನ್ಯಾಯ ಮಾತಿನ ಅರ್ಥವನ್ನು ಅವಲಂಬಿಸಿದರೆ, ಮಕ್ಕಳ ಲೋಕದ ನ್ಯಾಯ ಅರ್ಥದ ಗೈರುಹಾಜರಿಯನ್ನು ಅವಲಂಬಿಸಿದೆ.

ಬೆಡಗಿನ ವಚನ ಮತ್ತು ಮುಂಡಿಗೆಗಳೇ ಕನ್ನಡದ ಅಸಂಬದ್ಧ ಕಾವ್ಯವಲ್ಲವೇ ಎಂಬ ಆಕ್ಷೇಪ ಇಲ್ಲಿ ಬರಬಹುದು. ಅಲ್ಲಮನ ಬೆಡಗಿನಲ್ಲಿಯೂ ಕನಕದಾಸರ ಮುಂಡಿಗೆಗಳಲ್ಲಿಯೂ ಲೋಕವಿರುದ್ಧವಾದ ಚಿತ್ರಗಳು ತುಂಬಿವೆ ನಿಜ. ಆದರೆ ಅವುಗಳ ಸ್ವಭಾವ ಬೇರೆ. ಬೆಡಗು ಬೀಗ ಹಾಕಿದ ಮನೆ: ಕೀಲಿಕೈ ಗುರುವಿನ ಬಳಿ, ಟೀಕಾಕಾರನ ಬಳಿ ಇದೆ ಎಂಬ ಭರವಸೆಯ ಮೇಲೆ ಅದು ನಿಂತಿದೆ. ಆಟದ ಪದ ಗೋಡೆಯೇ ಇಲ್ಲದ ಬಯಲು. ಅಲ್ಲಿ ತೆರೆಯಬೇಕಾದ ಬಾಗಿಲಿಲ್ಲ. ಎರಡನ್ನೂ ಒಂದೇ ಎಂದು ಭಾವಿಸಿದರೆ ಆಟದ ಪದಕ್ಕೂ ಟೀಕೆ ಬರೆಯುವ ಕೆಲಸ ಶುರುವಾಗುತ್ತದೆ. ಎಣಿಕೆಯ ಪದಗಳಲ್ಲಿ ಮರೆತುಹೋದ ಮಂತ್ರವನ್ನೋ ಚರಿತ್ರೆಯ ಘಟನೆಯನ್ನೋ ಹುಡುಕುವ ಬರಹಗಳು ‘ರನ್ಸಿಬಲ್’ ಪದಕ್ಕೆ ಚಮಚ ಹುಡುಕಿದ ನಿಘಂಟುಕಾರರ ಸಾಲಿಗೆ ಸೇರುತ್ತವೆ.

ಪಾರಿಭಾಷಿಕ ಪದದ ಸಮಸ್ಯೆಯೂ ಇಲ್ಲಿ ಚಿಂತನಾರ್ಹ. ‘ಅಸಂಗತ’ ಎಂಬ ಪದವನ್ನು ಕನ್ನಡದ ಅಸಂಗತ ನಾಟಕಗಳು ಈಗಾಗಲೇ ತಮ್ಮದಾಗಿಸಿಕೊಂಡಿವೆ. ಅದರಲ್ಲಿ ಅಸ್ತಿತ್ವವಾದದ ವಿಷಾದವಿದೆ. ‘ಅಸಂಬದ್ಧ’ ಎಂಬುದರಲ್ಲಿ ಬೈಗುಳದ ಛಾಯೆಯಿದೆ. ‘ಶಿಶುಪ್ರಾಸ’ ಎಂಬುದು ವಯಸ್ಸನ್ನು ಹೇಳುತ್ತದೆಯೇ ಹೊರತು ಗುಣವನ್ನು ಹೇಳುವುದಿಲ್ಲ. ‘ಆಟದ ಪದ’ ಎಂಬ ಸರಳವಾದ ಮಾತು ಇವೆಲ್ಲಕ್ಕಿಂತ ಹೆಚ್ಚು ಹೊಂದುತ್ತದೆ. ‘ಪದ’ ಎಂದರೆ ಹಾಡೂ ಹೌದು, ಶಬ್ದವೂ ಹೌದು. ‘ಆಟ’ ಎಂಬುದು ಅದರ ಸಂದರ್ಭವೂ ಹೌದು, ಸ್ವಭಾವವೂ ಹೌದು.

5. ಬರಹದ ದಾರಿ

ಲಿಯರ್ ಬೆಂಗಳೂರಿಗೆ ಬಂದ 1874ರಲ್ಲಿಯೇ ಬಂಟ್ವಾಳದಲ್ಲಿ ಪಂಜೆ ಮಂಗೇಶರಾಯರು ಹುಟ್ಟಿದರು. ಇದು ಕೇವಲ ಕಾಕತಾಳೀಯವಾದರೂ, ಹೊಸಗನ್ನಡದ ಮಕ್ಕಳ ಪದ್ಯ ಯಾವ ದಾರಿ ಹಿಡಿಯಿತೆಂಬುದನ್ನು ಅಲ್ಲಿಂದಲೇ ಗುರುತಿಸಲು ಅನುಕೂಲ. ಶಾಲೆಯ ಪಠ್ಯಕ್ಕೆ ಪದ್ಯ ಬೇಕಾದ ಕಾಲದಲ್ಲಿ ಪಂಜೆಯವರು ನೀತಿಯ ಭಾರವನ್ನು ತಗ್ಗಿಸಿ ಲಯಕ್ಕೆ ಮೊದಲ ಮಣೆ ಹಾಕಿದರು. ಕುವೆಂಪು ಅವರು ರಾಬರ್ಟ್ ಬ್ರೌನಿಂಗನ ಕಥನಪದ್ಯವನ್ನು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಾಗಿಸಿ, ವಿಕ್ಟೋರಿಯಾ ಯುಗದ ಕೃತಿಯೊಂದು ಕನ್ನಡದ ಊರಿನಲ್ಲಿ ಬೇರುಬಿಡಬಹುದೆಂದು ತೋರಿಸಿದರು. ಜಿ.ಪಿ. ರಾಜರತ್ನಂ ಮಕ್ಕಳ ಮಾತಿನ ಲಯವನ್ನೇ ಛಂದಸ್ಸಾಗಿ ದುಡಿಸಿಕೊಂಡರು. ಟಿ.ಪಿ. ಕೈಲಾಸಂ ಇನ್ನೂ ಮುಂದೆ ಹೋದರು. ಇಂಗ್ಲಿಷರ ಸೈನಿಕಗೀತೆಯ ಊರಿನ ಹೆಸರಾದ ಟಿಪ್ಪರರಿ ಅವರ ಕೈಯಲ್ಲಿ ತಿಪ್ಪಾರಳ್ಳಿಯಾಯಿತು; ‘ಕೋಳೀಕೆ ರಂಗ’ದಲ್ಲಿ ಕಾಗುಣಿತದ ಒಪ್ಪಿಸುವಿಕೆಯೇ ಹಾಡಾಯಿತು. ‘ದಿ ಕಮರ್‌ಬಂಡ್’ ಪದ್ಯಕ್ಕೆ ಕನ್ನಡ ಕೊಟ್ಟ ಉತ್ತರವೆಂದು ಇದನ್ನು ಓದಬಹುದು. ಅಲ್ಲಿ ಆಳುವವನ ಕಿವಿ ಆಳಿಸಿಕೊಳ್ಳುವವರ ಪದಗಳನ್ನು ಬರಿಯ ನಾದವಾಗಿಸಿತು. ಇಲ್ಲಿ ಆಳಿಸಿಕೊಂಡವರ ಕಿವಿ ಆಳುವವನ ಊರನ್ನೇ ಕನ್ನಡದ ಹಳ್ಳಿಯಾಗಿಸಿತು.

ಈ ಪರಂಪರೆಗೆ ಚನ್ನಗಿರಿ ತಾಲ್ಲೂಕಿನ ಕೊಡುಗೆ ಎಚ್.ಎಸ್. ವೆಂಕಟೇಶಮೂರ್ತಿ (1944–2025). ಶಹಾಜಿಯ ಸಮಾಧಿಯಿಂದ ಚರಿತ್ರೆಯಲ್ಲಿ ಹೆಸರಾದ ಹೊದಿಗೆರೆ ಅವರ ಹುಟ್ಟೂರು. ಕನ್ನಡದ ಕಥನಕವನಗಳನ್ನು ಕುರಿತು ಸಂಶೋಧನೆ ಮಾಡಿ, 2020ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ ಈ ಕವಿ ಮಕ್ಕಳ ಪದ್ಯ, ಮಕ್ಕಳ ನಾಟಕಗಳನ್ನು ಎಡಗೈಯ ಕೆಲಸವೆಂದು ಎಣಿಸಲಿಲ್ಲ. ‘ಅಳಿಲು ರಾಮಾಯಣ’ವನ್ನೂ ‘ಚಿನ್ನಾರಿ ಮುತ್ತ’ ಚಿತ್ರದ ಹಾಡುಗಳನ್ನೂ ಬರೆದ ಲೇಖನಿಯೇ ಪ್ರೌಢಕಾವ್ಯವನ್ನೂ ಬರೆಯಿತು. ಆದರೂ ಅವರ ಕಾವ್ಯವನ್ನು ಕುರಿತ ಚರ್ಚೆಯಲ್ಲಿ ಮಕ್ಕಳ ಪದ್ಯಗಳಿಗೆ ಸಿಗುವ ಜಾಗ ಹೆಚ್ಚಾಗಿ ಕೊನೆಯ ಪುಟದ್ದು. ಹಳ್ಳಿಯ ಆಟದ ಪದಗಳ ಲಯ ಅವರ ಪದ್ಯಬಂಧದೊಳಗೆ ಹೇಗೆ ಹರಿದಿದೆ ಎಂಬ ಪ್ರಶ್ನೆಯನ್ನು ಎತ್ತಿಕೊಳ್ಳಲು ಹೊದಿಗೆರೆ ಸುತ್ತಿನ ಪದಗಳ ಸಂಗ್ರಹ ಮೊದಲು ಕೈಯಲ್ಲಿರಬೇಕು.

ಬಂಗಾಳಿಯೊಡನೆ ಹೋಲಿಸಿದಾಗ ಕನ್ನಡದ ಒಂದು ಕೊರತೆ ಎದ್ದುಕಾಣುತ್ತದೆ. ಅಲ್ಲಿ ಸುಕುಮಾರ ರಾಯ್ (1887–1923) ಲಿಯರ್‌ನಂತೆಯೇ ತನ್ನ ಪದ್ಯಗಳಿಗೆ ತಾನೇ ಚಿತ್ರ ಬರೆದ; ‘ಆಬೋಲ್ ತಾಬೋಲ್’ ಅವನು ತೀರಿಕೊಂಡ 1923ರಲ್ಲಿ ಪ್ರಕಟವಾಯಿತು. ಅವನ ಮಗ ಸತ್ಯಜಿತ್ ರಾಯ್ ಲಿಯರ್‌ನನ್ನು ಬಂಗಾಳಿಗೆ ತಂದ. ಆ ಕೃತಿ ಬಂಗಾಳದಲ್ಲಿ ಮಕ್ಕಳ ಪುಸ್ತಕವಾಗಿ ಮೂಲೆಗೆ ಸೇರದೆ ಸಾಹಿತ್ಯಚರಿತ್ರೆಯ ನಡುವೆಯೇ ನಿಂತಿದೆ. ಕನ್ನಡದಲ್ಲಿ ಪದ್ಯ ಬರೆದವರು ಒಬ್ಬರು, ಚಿತ್ರ ಬರೆದವರು ಮತ್ತೊಬ್ಬರು. ವಿಮರ್ಶೆ ಇಬ್ಬರ ಕಡೆಗೂ ತಿರುಗಿ ನೋಡಿದ್ದು ಕಡಿಮೆ. ಪ್ರತಿಭೆಯ ಬಡತನವನ್ನು ಇದಕ್ಕೆ ಕಾರಣವಾಗಿ ಹೇಳುವಂತಿಲ್ಲ. ಓದುವ ಪದ್ಧತಿಯಲ್ಲಿ ಅದನ್ನು ಹುಡುಕಬೇಕು.

6. ನಾಲ್ಕು ತಾಲ್ಲೂಕುಗಳು, ಒಂದು ಕೆಲಸ

ದಾವಣಗೆರೆ ಜಿಲ್ಲೆ ರೂಪುಗೊಂಡದ್ದು 1997ರಲ್ಲಿ. ಹೊನ್ನಾಳಿ, ಚನ್ನಗಿರಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಅದರಲ್ಲಿ ಸೇರಿದವು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಆಡಳಿತದ ಗೆರೆ 1997ರದ್ದಾದರೂ ನುಡಿಯ ಗೆರೆಗಳು ಹಳೆಯವು. ನ್ಯಾಮತಿಯ ಮಾತು ಮಲೆನಾಡಿನ ಸೆರಗನ್ನು ಮುಟ್ಟುತ್ತದೆ. ಚನ್ನಗಿರಿಯ ಅಡಿಕೆ ತೋಟಗಳ ನುಡಿಗೂ ಜಗಳೂರಿನ ಮಳೆಗಾಣದ ಬಯಲಿನ ನುಡಿಗೂ ಅಂತರವಿದೆ. ಬಂಜಾರರ ಸಂತ ಸೇವಾಲಾಲರ ಜನ್ಮಸ್ಥಳವೆಂದು ಪೂಜೆಗೊಳ್ಳುವ ಸೂರಗೊಂಡನಕೊಪ್ಪ ನ್ಯಾಮತಿ ತಾಲ್ಲೂಕಿನಲ್ಲಿದೆ. ತಾಂಡಾದ ಮಗು ಮನೆಯಲ್ಲಿ ಲಂಬಾಣಿಯನ್ನೂ ಶಾಲೆಯಲ್ಲಿ ಕನ್ನಡವನ್ನೂ ಆಡುತ್ತದೆ. ಉರ್ದು ಮನೆಮಾತಿನ ಮಕ್ಕಳೂ ಅದೇ ಬಯಲಿನಲ್ಲಿ ಆಡುತ್ತಾರೆ.

ಹೀಗೆ ಹಲವು ನುಡಿಗಳು ಕೂಡುವ ಆಟದ ಬಯಲಿನಲ್ಲಿ ಒಬ್ಬರ ಅರ್ಥವುಳ್ಳ ಪದ ಇನ್ನೊಬ್ಬರಿಗೆ ನಾದವಾಗಿ ಕೇಳಿಸುವುದು ಸಹಜ. ‘ದಿ ಕಮರ್‌ಬಂಡ್’ನಲ್ಲಿ ನಡೆದದ್ದೇ ಇಲ್ಲಿಯೂ ನಡೆಯುತ್ತದೆ, ಆದರೆ ಮೇಲುಕೀಳಿನ ಸಂಬಂಧವಿಲ್ಲದೆ, ಎರಡೂ ಕಡೆಯಿಂದ, ಕೈ ಕೈ ಹಿಡಿದುಕೊಂಡು. ಒಂದು ತಾಲ್ಲೂಕಿನ ಆಟದ ಪದದಲ್ಲಿ ಯಾವ ನುಡಿಯ ತುಣುಕು ಅರ್ಥ ಕಳಚಿಕೊಂಡು ಉಳಿದಿದೆ ಎಂಬುದನ್ನು ಗುರುತಿಸಿದರೆ, ಆ ಊರಿನಲ್ಲಿ ಯಾರ ಮಕ್ಕಳು ಯಾರ ಮಕ್ಕಳೊಡನೆ ಆಡುತ್ತಿದ್ದರು ಎಂಬುದಕ್ಕೆ ದಾಖಲೆ ಸಿಕ್ಕಂತಾಗುತ್ತದೆ. ಜನಗಣತಿ ಇದನ್ನು ಹೇಳಲಾರದು.

ಜಾನಪದ ಸಂಗ್ರಹಕಾರರು ಬೀಸುವ ಪದ, ಸೋಬಾನೆ, ಲಾವಣಿ, ಕಥನಗೀತೆ, ಮಹಾಕಾವ್ಯಗಳನ್ನು ಕೂಡಿಹಾಕಿದ ಪರಿಶ್ರಮ ಅಪಾರವಾದದ್ದು. ಶಿಶುಪ್ರಾಸಗಳ ಸಂಕಲನಗಳೂ ಬಂದಿವೆ. ಆದರೆ ಅವುಗಳಲ್ಲಿ ಆಟದ ಪದ ಹೆಚ್ಚಾಗಿ ಅಚ್ಚಿನ ಸಾಲಾಗಿ ಮಾತ್ರ ಬರುತ್ತದೆ. ಯಾವ ಅಕ್ಷರಕ್ಕೆ ಚಪ್ಪಾಳೆ, ಯಾವ ಅಕ್ಷರಕ್ಕೆ ಕುಪ್ಪಳಿಕೆ, ಎಲ್ಲಿ ಉಸಿರು, ಎಲ್ಲಿ ನಗು ಎಂಬುದು ದಾಖಲಾಗುವುದಿಲ್ಲ. ಚಿತ್ರವನ್ನು ಕಿತ್ತುಹಾಕಿದ ಲಿಯರ್‌ನ ಪದ್ಯದಂತೆ ಅದು ಅರ್ಧ ಮಾತ್ರ ಉಳಿಯುತ್ತದೆ.

ಲಿಯರ್‌ನಿಂದ ಕನ್ನಡ ವಿಭಾಗಗಳು ಕಲಿಯಬಹುದಾದದ್ದು ಇಲ್ಲಿದೆ. ಅದು ಅವನ ಪದ್ಯಕ್ಕಿಂತ ಹೆಚ್ಚಾಗಿ ಅವನ ಕ್ಷೇತ್ರಕಾರ್ಯದ ಕ್ರಮ. ಅವನು ಸ್ಥಳದಲ್ಲೇ ಪೆನ್ಸಿಲಿನಿಂದ ಚಿತ್ರ ಬರೆದು, ಅದರ ಮೇಲೆಯೇ ಊರು, ತಾರೀಖು, ಎಷ್ಟು ಗಂಟೆ, ಎಲ್ಲೆಲ್ಲಿ ಯಾವ ಬಣ್ಣ ಎಂಬುದನ್ನು ಗುರುತುಹಾಕಿಕೊಳ್ಳುತ್ತಿದ್ದ. ಆಮೇಲೆ ಮಸಿಯ ಗೆರೆ ಎಳೆದು ಬಣ್ಣ ತುಂಬುತ್ತಿದ್ದ. ಆ ಟಿಪ್ಪಣಿಗಳ ನಡುವೆಯೂ ಬಂಡೆ ಎಂಬುದಕ್ಕೆ ಇರುವ ಇಂಗ್ಲಿಷ್ ಪದವನ್ನು ಬೇಕೆಂದೇ ವಿನೋದದ ಕಾಗುಣಿತದಲ್ಲಿ ಬರೆಯುತ್ತಿದ್ದ. ಶಿಸ್ತು ಮತ್ತು ಆಟ ಒಂದೇ ಹಾಳೆಯ ಮೇಲೆ ಇರಬಲ್ಲವು ಎಂಬುದಕ್ಕೆ ಆ ಹಾಳೆಗಳೇ ಪ್ರಮಾಣ.

ದಾವಣಗೆರೆ ವಿಶ್ವವಿದ್ಯಾಲಯ (2009), ಕುವೆಂಪು ವಿಶ್ವವಿದ್ಯಾಲಯಗಳಂಥ ಸಂಸ್ಥೆಗಳ ವಿದ್ಯಾರ್ಥಿಗಳಲ್ಲಿ ಹಲವರು ಈ ಹಳ್ಳಿಗಳಿಂದಲೇ ಬರುತ್ತಾರೆ. ಅವರ ಕೈಯಲ್ಲಿ ದೃಶ್ಯ, ಧ್ವನಿ ಎರಡನ್ನೂ ಹಿಡಿಯಬಲ್ಲ ಮೊಬೈಲುಗಳಿವೆ. ಪದದೊಡನೆ ಆಟವನ್ನೂ ಪಾಠಾಂತರಗಳನ್ನೂ ದಾಖಲಿಸುವುದು, ಆಡಿದ ಮಕ್ಕಳಿಂದಲೇ ಅದರ ಚಿತ್ರ ಬರೆಸುವುದು, ತಾಯಿತಂದೆಯರ ಒಪ್ಪಿಗೆ ಪಡೆದು ಮಕ್ಕಳ ಹೆಸರನ್ನು ಗೋಪ್ಯವಾಗಿಡುವುದು ಅಸಾಧ್ಯವಾದ ಕೆಲಸಗಳಲ್ಲ. ಅಜ್ಜಿಯರ ನೆನಪಿನಿಂದ ಬರೆದುಕೊಂಡದ್ದನ್ನೂ ಮಕ್ಕಳು ಇಂದು ಆಡುತ್ತಿರುವುದನ್ನೂ ಬೇರೆಬೇರೆಯಾಗಿ ಗುರುತಿಸಬೇಕು. ಬದಲಾವಣೆಯ ಅಳತೆ ಸಿಗುವುದು ಆ ಅಂತರದಲ್ಲೇ. ಎಲ್ಲಕ್ಕಿಂತ ಮುಖ್ಯವಾಗಿ, ಸಂಗ್ರಹದ ನಮೂನೆಯಲ್ಲಿ ‘ಅರ್ಥ’ ಎಂಬ ಕಾಲಂ ಇದ್ದರೆ ಅದನ್ನು ಖಾಲಿ ಬಿಡುವ ಧೈರ್ಯ ಬೇಕು.

ದೀರ್ಘ ಜನಪದ ಕಾವ್ಯಗಳ ಗಾಯಕರೇ ಒಬ್ಬೊಬ್ಬರಾಗಿ ಮರೆಯಾಗುತ್ತಿರುವಾಗ ಇಂಥ ಕ್ಷುಲ್ಲಕ ಪದಗಳಿಗೆ ಸಮಯ ವ್ಯಯಿಸಬೇಕೇ ಎಂದು ಕೇಳಬಹುದು. ಈ ಪ್ರಶ್ನೆಯಲ್ಲಿ ನ್ಯಾಯವಿದೆ. ಆದರೆ ಗಾಯಕನೊಬ್ಬ ತೀರಿಕೊಂಡರೆ ಅವನ ಶಿಷ್ಯನೋ ಮಗನೋ ಅಷ್ಟಿಷ್ಟು ಉಳಿಸಿಕೊಂಡಿರುತ್ತಾನೆ. ಊರಿಗೆ ನಷ್ಟದ ಅರಿವಾದರೂ ಇರುತ್ತದೆ. ಆಟದ ಪದಕ್ಕೆ ವಾರಸುದಾರರು ಆರರಿಂದ ಹನ್ನೆರಡರ ವಯಸ್ಸಿನವರು ಮಾತ್ರ. ಹಿರಿಯ ಮಕ್ಕಳಿಂದ ಕಿರಿಯ ಮಕ್ಕಳಿಗೆ ಅದು ದಾಟುವ ಕೊಂಡಿ ಐದಾರು ವರ್ಷ ಕಡಿದುಹೋದರೆ ಪರಂಪರೆ ಮುಗಿಯಿತು. ಯಾರೂ ಅದನ್ನು ಗಮನಿಸಿರುವುದಿಲ್ಲ. ಬಾಲವಾಡಿಯಲ್ಲೇ ಇಂಗ್ಲಿಷ್ ‘ರೈಮ್ಸ್’ ಬಾಯಿಪಾಠವಾಗುತ್ತಿರುವ, ಸಂಜೆಯ ಬಯಲು ಟ್ಯೂಷನ್ನಿಗೂ ಪರದೆಗೂ ಸೋಲುತ್ತಿರುವ ಈ ಹೊತ್ತಿನಲ್ಲಿ ಆ ಐದಾರು ವರ್ಷ ದೂರದ ಮಾತಲ್ಲ.

7. ಸಮಾರೋಪ

ಇಂಗ್ಲಿಷ್ ರೈಮ್ಸ್ ಹೇಳುವ ಹಳ್ಳಿಯ ಮಗುವಿಗೆ ಅವುಗಳ ಅರ್ಥ ತಿಳಿಯದು. ಹಾಗಾದರೆ ಅವೂ ಅದಕ್ಕೆ ಅರ್ಥರಹಿತ ಪದಗಳೇ ಅಲ್ಲವೇ ಎಂದು ವಾದಿಸಬಹುದು. ವ್ಯತ್ಯಾಸವಿದೆ. ಅವುಗಳಿಗೆ ಬೇರೆಲ್ಲೋ ಅರ್ಥವಿದೆ, ತನಗೆ ಮಾತ್ರ ಗೊತ್ತಿಲ್ಲ ಎಂಬ ಅಳುಕು ಮಗುವಿನ ಜೊತೆಗಿರುತ್ತದೆ. ಪದ ತಪ್ಪಿದರೆ ತಿದ್ದಲು ಟೀಚರ್ ಇರುತ್ತಾರೆ. ಆಟದ ಪದಕ್ಕೆ ಎಲ್ಲಿಯೂ ಅರ್ಥವಿಲ್ಲದ್ದರಿಂದ ಅದನ್ನು ಬಲ್ಲವರು, ಅರಿಯದವರು ಎಂಬ ಭೇದವೇ ಇಲ್ಲ. ಮಗು ತನ್ನ ನುಡಿಗೆ ಪೂರ್ತಿ ಒಡೆಯನಾಗುವ ಮೊದಲ ಜಾಗ ಅದು. ಅಲ್ಲಿ ಅದು ಹೊಸ ಪದ ಹುಟ್ಟಿಸಬಹುದು. ಹೊಸ ಪದ ಒಪ್ಪಿತವಾಗಲು ತಾಳ ತಪ್ಪದಿದ್ದರೆ ಸಾಕು.

ಲಿಯರ್ ಎರಡು ಸಾವಿರ ಹಾಳೆಗಳಲ್ಲಿ ಭಾರತವನ್ನು ಕಂಡ. ಅದರ ಮಕ್ಕಳು ಆಡುತ್ತಿದ್ದ ಪದಗಳು ಅವನ ಕಿವಿಗೆ ಬಿದ್ದಿದ್ದರೂ ಅವುಗಳೊಳಗಿನ ಆಟವನ್ನು ತಿಳಿಯಲು ಅವನಿಗೆ ಈ ನಾಡಿನ ನುಡಿ ಬರುತ್ತಿರಲಿಲ್ಲ. ಕನ್ನಡದ ವಿದ್ವಾಂಸರಿಗೆ ಆ ತೊಡಕಿಲ್ಲ. ಹೊದಿಗೆರೆಯಲ್ಲೋ ಸೂರಗೊಂಡನಕೊಪ್ಪದಲ್ಲೋ ಜಗಳೂರಿನ ಯಾವುದೋ ಹಟ್ಟಿಯಲ್ಲೋ ಸಂಜೆ ಮಕ್ಕಳು ಅಂಗೈ ಚಾಚಿ ಕುಳಿತಾಗ, ಈ ಪದದ ಅರ್ಥವೇನು ಎಂದು ಕೇಳುವ ಮೊದಲು ಅದನ್ನು ಇನ್ನೊಮ್ಮೆ ಹೇಳಿ ಎಂದು ಕೇಳುವ ಸಂಶೋಧಕರು ಅಲ್ಲಿಗೆ ಹೋಗಬೇಕಾಗಿದೆ.